ನಾಲ್ಕನೇ ಬಟನ್ನಿನ ಶ್ರುತಿ

ಭಾನುವಾರ, ಜನವರಿ 18
ಮಧ್ಯಾಹ್ನ ಮೂರು ಗಂಟೆ

ಪ್ರೀತಿಯ ಸಿಡುಕಿ,

ಹೇಗಿದ್ದೀಯ? ಮಂಡಿನೋವು ಹೇಗಿದೆ? ಹನ್ನೊಂದು ತಿಂಗಳಾದ ಮೇಲೆ ಮಂಡಿ ವಿಚಾರಿಸಲು ಬಂದಿದ್ದಾಳೆ ನೋಡು ಎಂದು ನೀನು ಗೊಣಗುವುದು ನನಗೆ ಇಲ್ಲಿಗೇ ಕೇಳಿಸುತ್ತಿದೆ. ಗೊಣಗು. ತಡ ಮಾಡಿದ್ದು ನಾನೇ, ಕ್ಷಮಿಸು. ಈ ನಡುವೆ ಆರು ಸಲ ಬರೆಯಲು ಕೂತೆ, ಆರೂ ಸಲ 'ಹೇಗಿದ್ದೀಯ' ಎನ್ನುವಲ್ಲಿಗೇ ನಿಂತುಹೋಯಿತು. ಮೂವತ್ತೊಂದು ವರ್ಷ ಕಚೇರಿಯಲ್ಲಿ ಊರವರ ಅರ್ಜಿಗಳನ್ನೆಲ್ಲ ಟಕಟಕ ಎಂದು ಟೈಪು ಮಾಡಿ ಬಿಸಾಕಿದವಳಿಗೆ, ಎರಡು ಬೀದಿ ಆಚೆ ಇರುವ ಗೆಳತಿಗೆ ಒಂದು ಹಾಳೆ ಬರೆಯಲು ಕೈ ಓಡಲಿಲ್ಲ. ಫೋನ್ ಮಾಡಬಹುದಿತ್ತು. ನೀನು ಎತ್ತದಿದ್ದರೆ ಎಂದು ಹೆದರಿಕೆ. ಎತ್ತಿಬಿಟ್ಟರೆ ಇನ್ನೂ ಹೆದರಿಕೆ.

ಮೊದಲು ಸುದ್ದಿ. ಕೆಳಗಿನ ಮನೆಯ ಕನ್ನಡಕದಂಗಡಿಯವರು ನೆನಪಿದ್ದಾರಲ್ಲ, ನಾವು ಗುರುವಾರ ಹಾಡಿನ ಅಭ್ಯಾಸ ಶುರು ಮಾಡಿದ ಕೂಡಲೇ ಪೊರಕೆಯ ಹಿಡಿಯಿಂದ ತಮ್ಮ ಛಾವಣಿಗೆ ಬಡಿಯುತ್ತಿದ್ದವರು? ಹೋದ ತಿಂಗಳು ಮೆಟ್ಟಿಲ ಮೇಲೆ ಸಿಕ್ಕಿ, "ಯಾಕಮ್ಮ, ಈಗೀಗ ಗುರುವಾರ ಸದ್ದೇ ಇಲ್ಲ? ಆ ಗಂಟಲಿನವರು ಬರೋದಿಲ್ವಾ?" ಎಂದರು. "ನಿಮ್ಮ ಪೊರಕೆಗೆ ರಜ ಕೊಟ್ಟಿದ್ದೀವಿ" ಎಂದೆ. ಅವರು ನಗಲಿಲ್ಲ. "ಏನೋಪ್ಪ, ಬಿಕೋ ಅನ್ನುತ್ತೆ" ಎಂದು ಹೇಳಿ ಇಳಿದು ಹೋದರು. ನಾನು ಒಳಗೆ ಬಂದು ಬಾಗಿಲು ಹಾಕಿಕೊಂಡು ಅತ್ತೆ. ಪೊರಕೆಯಲ್ಲಿ ಬಡಿದವರಿಗೇ ಹಾಗನ್ನಿಸಿದರೆ, ನಿನ್ನ ಕುರ್ಚಿಯನ್ನು ದಿನವೂ ಎದುರಿಗಿಟ್ಟುಕೊಂಡು ಕೂರುವ ನನ್ನ ಪಾಡು ಕೇಳಬೇಡ. ಗುರುವಾರ ನಾಲ್ಕು ಗಂಟೆಗೆ ಈಗಲೂ ಕೈ ತಾನಾಗಿ ಎರಡು ಲೋಟ ಟೀ ಸೋಸುತ್ತದೆ. ಎರಡನ್ನೂ ನಾನೇ ಕುಡಿದು, ಎದೆಯುರಿ ಬರಿಸಿಕೊಂಡು ಕೂರುತ್ತೇನೆ.

ಆ ದಿನವೇ, ನಿನ್ನ ಹಾಡಿಗೆ ನುಡಿಸುತ್ತಿದ್ದ ಕೀಬೋರ್ಡನ್ನು ಬೀರುವಿನ ಮೇಲಿಂದ ಇಳಿಸಿದೆ. ನಿನ್ನ ನಿವೃತ್ತಿಯ ಬೀಳ್ಕೊಡುಗೆಯಿಂದ ಬಂದವಳು ಅದನ್ನು ಹಳೆಯ ಹೊದಿಕೆಯಲ್ಲಿ ಸುತ್ತಿ ಮೇಲೆ ತಳ್ಳಿದ್ದೆ. ಒರೆಸಿ, ಪ್ಲಗ್ ಹಾಕಿ, ಮೊದಲನೇ ಬಟನ್ನಿಗೆ ಕೊಳಲಿನ ನಾದ ಕೂರಿಸಿ ಉಳಿಸಿದೆ. ಮರುದಿನ ಒತ್ತಿದರೆ ಕೊಳಲು ಬಂತು. ಸಂಜೆ ನೆಲ ಒರೆಸಲು ಪ್ಲಗ್ ಕಿತ್ತು ಮತ್ತೆ ಹಾಕಿದೆ, ಕೊಳಲು ಮಾಯ. ಅಂಗಡಿಯಿಂದ ತಂದ ದಿನ ಇದ್ದ ಅದೇ ಪಿಯಾನೋ ನಾದ. ನನ್ನದೇ ಕೈತಪ್ಪು ಎಂದುಕೊಂಡು ಮತ್ತೆ ಕೂರಿಸಿದೆ, ಮತ್ತೆ ಹೋಯಿತು. ನನ್ನ ಹಟ ನಿನಗೆ ಗೊತ್ತಲ್ಲ, ನೀನು ವಾರ್ಡಿನಲ್ಲಿ ಜ್ವರದ ಚಾರ್ಟ್ ಬರೆಯುತ್ತಿದ್ದ ಹಾಗೆ ಒಂದು ವಾರ ಚಾರ್ಟ್ ಬರೆದೆ: ಪ್ಲಗ್ ಇದೆ, ನೆನಪಿದೆ. ಪ್ಲಗ್ ಇಲ್ಲ, ನೆನಪಿಲ್ಲ. ಕನ್ನಡಕದಂಗಡಿಯವರ ಅಡಾಪ್ಟರ್ ಕಡ ತಂದು ಹಾಕಿದರೂ ಅಷ್ಟೇ.

ಕೊನೆಗೆ ಗಡಿಯಾರ, ರೇಡಿಯೋ ರಿಪೇರಿ ಮಾಡುವವರ ಬಳಿ ಹೊತ್ತೊಯ್ದೆ. ಅವರಿಗೆ ಕಿವಿಯಲ್ಲಿ ಯಂತ್ರ ಇದೆ, ಗಿರಾಕಿಗಳ ಪುರಾಣ ಉದ್ದವಾದರೆ ಆರಿಸಿಬಿಡುತ್ತಾರೆ. ನಾನು ಮನೆಗೆ ಬಣ್ಣ ಹೊಡೆದವರು ಏನೇನೋ ಒತ್ತಿರಬೇಕು ಎಂದು ಶುರು ಮಾಡುವಷ್ಟರಲ್ಲೇ ಆರಿಸಿದರು. ತಳದ ಹದಿನೆಂಟು ಸ್ಕ್ರೂ ಬಿಚ್ಚಿ, ಒಳಗಿನ ಹಸಿರು ಹಲಗೆಯಲ್ಲಿ ಬೆಸುಗೆ ಹಾಕಿದ್ದ ಬಿಲ್ಲೆಯಂಥ ಸೆಲ್ ತೋರಿಸಿ, ಮೀಟರ್ ಮುಟ್ಟಿಸಿದರು. ಮೂರು ವೋಲ್ಟ್ ಇರಬೇಕಾದ ಕಡೆ ಅರ್ಧವೂ ಇಲ್ಲ.

"ಗೋಡೆ ಕರೆಂಟ್ ಇರೋವರೆಗೂ ಇದು ಎಲ್ಲಾ ನೆನಪಿಟ್ಕೊಳ್ಳುತ್ತೆ. ಪ್ಲಗ್ ಕಿತ್ತ ಮೇಲೆ ಈ ಸೆಲ್ ನೋಡ್ಕೋಬೇಕು. ನೀವು ಪ್ಲಗ್ ಕೀಳ್ತಾನೇ ಇರ್ಲಿಲ್ಲ ಅಂತ ಕಾಣುತ್ತೆ, ಅದಕ್ಕೇ ಇದರ ಕಾಯಿಲೆ ಗೊತ್ತಾಗಿಲ್ಲ" ಎಂದು ಕಿವಿಯ ಯಂತ್ರದ ಸ್ವಿಚ್ ಹಾಕಿಕೊಂಡರು.

"ಕಾರ್ಯಕ್ರಮಕ್ಕೆ ಹೋಗುವಾಗ ಕೀಳ್ತಿದ್ವಲ್ಲ?"

"ಒಂದೆರಡು ಗಂಟೆ ಹೇಗೋ ತಡ್ಕೊಂಡಿರುತ್ತೆ. ಯಾವಾಗಲಾದ್ರೂ ತುಂಬಾ ದಿನ ಹಾಗೇ ಬಿಟ್ಟಿದ್ರಾ?"

ಬಿಟ್ಟಿದ್ದೆ ಕಣೇ. ನಿನ್ನ ಬೀಳ್ಕೊಡುಗೆಗೆ ಮೊದಲು ಮನೆಗೆ ಬಣ್ಣ ಹೊಡೆಸಿದೆನಲ್ಲ, ಆಗ ಹತ್ತು ದಿನ ಇದು ಮಂಚದ ಕೆಳಗೆ ಬಿದ್ದಿತ್ತು, ಕಾರ್ಯಕ್ರಮದ ದಿನ ಅಲ್ಲಿಂದಲೇ ನೇರವಾಗಿ ಆಸ್ಪತ್ರೆಯ ವ್ಯಾನಿಗೆ ಬಂತು. ಹೋದದ್ದು ವಾಪಸ್ ಬರುತ್ತದೆಯೇ ಎಂದು ಕೇಳಿದೆ. "ಹೊಸ ಸೆಲ್ ಹಾಕ್ತೀನಿ, ಇನ್ಮೇಲೆ ಇಟ್ಟದ್ದು ಉಳಿಯುತ್ತೆ. ಹೋದದ್ದು ಹೋಯ್ತು" ಎಂದು ಮತ್ತೆ ಕಿವಿ ಆರಿಸಿಕೊಂಡರು.

ಆ ಸತ್ತ ಸೆಲ್ಲನ್ನು ಈ ಲಕೋಟೆಯಲ್ಲೇ ಇಟ್ಟಿದ್ದೇನೆ, ಬಿಸಾಕಬೇಡ. ಆಸ್ಪತ್ರೆಯ ಕಾರಿಡಾರಿನಲ್ಲಿ, ಹೂವಿನ ಗುಚ್ಛ ಹಿಡಿದುಕೊಂಡೇ, "ನೀನು ಬೇಕಂತಲೇ ಮಾಡಿದೆ" ಎಂದೆಯಲ್ಲ, ಅದಕ್ಕೆ ನನ್ನ ಸಾಕ್ಷಿ ಇದೇ. ವೇದಿಕೆಯಲ್ಲಿ, ನಿನ್ನ ಹಾಡಿಗೆಂದೇ ಎಲ್ಲ ಉಳಿಸಿಟ್ಟಿದ್ದ ನಾಲ್ಕನೇ ಬಟನ್ ಒತ್ತಿದಾಗ ಕೊಳಲಿನ ಬದಲು ಪಿಯಾನೋ ಮೊಳಗಿತು. ಗಾಬರಿಯಾಗಿ ಕೊಳಲನ್ನು ಹುಡುಕಿ ಒತ್ತಿದೆ. ಶ್ರುತಿಯ ಕಡೆ ನೋಡಲು ಹೊಳೆಯಲಿಲ್ಲ. ನೀನು ಹಾಡು ಎತ್ತಿದೆ, ಮೇಲಿನ ಸ್ವರಕ್ಕೆ ಹೋದಾಗ ಗಂಟಲು ಒಡೆಯಿತು, ಇನ್ನೊಮ್ಮೆ ಹೋದೆ, ಮತ್ತೆ ಒಡೆಯಿತು. ನಿನ್ನ ಕೈಕೆಳಗೆ ಕೆಲಸ ಕಲಿತ ಹುಡುಗಿಯರು ಮುಂದಿನ ಸಾಲಿನಲ್ಲಿ ತಲೆ ತಗ್ಗಿಸಿಕೊಂಡು ಕೂತರು.

ಈಗ ಇನ್ನೊಂದು ಹೇಳಬೇಕು. ಓದಿ ಹಾಳೆ ಹರಿಯಬೇಡ, ಕೋಪ ಬಂದರೆ ಬಂದು ಬೈಯಿ. "ಇಪ್ಪತ್ತೈದರಲ್ಲೂ ಐದೂವರೆ ಶ್ರುತಿ, ಅರವತ್ತರಲ್ಲೂ ಐದೂವರೆ" ಎಂದು ಕಂಡಕಂಡವರ ಮುಂದೆಲ್ಲ ಜಂಬ ಕೊಚ್ಚುತ್ತಿದ್ದೆಯಲ್ಲ, ಅದು ನಿಜವಲ್ಲ. ನಿನಗೆ ನಲವತ್ತೊಂದು ಆದ ವರ್ಷ, ಎರಡು ಪಾಳಿ ದುಡಿದು ನೇರವಾಗಿ ಅಭ್ಯಾಸಕ್ಕೆ ಬಂದಿದ್ದೆ. ಮೇಲಿನ ಸ್ವರಕ್ಕೆ ಕತ್ತಿನ ನರ ಉಬ್ಬಿತು. "ನೀರು ಕುಡಿದು ಬಾ ಹೋಗು" ಎಂದೆ. ನೀನು ಅಡುಗೆಮನೆಗೆ ಹೋಗಿ ಬರುವಷ್ಟರಲ್ಲಿ ನಾನು ಶ್ರುತಿಯನ್ನು ಅರ್ಧ ಮನೆ ಇಳಿಸಿದ್ದೆ. ಬಂದು ಹಾಡಿ, "ನೋಡಿದ್ಯಾ, ನೀರು ಕುಡಿದ್ರೆ ಸಾಕು" ಎಂದು ಬೀಗಿದೆ. ನಾನು ಹೌದು ಎಂದೆ.

ಹೀಗೇ ಐದಾರು ವರ್ಷಕ್ಕೊಮ್ಮೆ ನಿನ್ನನ್ನು ನೀರಿಗೆ ಕಳಿಸಿದೆ. ಒಟ್ಟು ನಾಲ್ಕು ಸಲ ಇಳಿಸಿ ನಾಲ್ಕನೇ ಬಟನ್ನಿಗೆ ಉಳಿಸಿದೆ. ನಾಲ್ಕಕ್ಕೂ ಮೂರಕ್ಕೂ ನಡುವೆ ಕಪ್ಪು ಮನೆ ಇಲ್ಲವಲ್ಲ, ಹಾಗಾಗಿ ಕೊನೆಕೊನೆಗೆ ನೀನು ಹಾಡುತ್ತಿದ್ದದ್ದು ಮೂರು ಮನೆ ಶ್ರುತಿಯಲ್ಲಿ. ಒಂದು ಗುಂಡಿ ಒತ್ತಿದರೆ ಇಡೀ ಕೀಬೋರ್ಡಿನ ಶ್ರುತಿಯೇ ಇಳಿಯುತ್ತದೆ, ನಾನು ಬೆರಳಿಡುವ ಜಾಗ ಬದಲಾಗುತ್ತಿರಲಿಲ್ಲ, ಅದಕ್ಕೇ ನಿನಗೆ ಅನುಮಾನ ಬರಲಿಲ್ಲ. ಎಷ್ಟು ಇಳಿಸಿದೆ ಎಂದು ತೋರಿಸುವ ಪರದೆಯ ಮೂಲೆಗೆ ಕಾಗದದ ಚೂರು ಅಂಟಿಸಿದ್ದೆ, ನೀನು ಕೇಳಿದಾಗ ಗಾಜು ಸೀಳಿದೆ ಎಂದೆ. ಮೋಸವೇ. ಆದರೆ ಕೆಳಗಿನ ಶ್ರುತಿಯಲ್ಲಿ ನಿನ್ನ ಧ್ವನಿ ಎಷ್ಟು ತುಂಬಿ ಬರುತ್ತಿತ್ತು ಎಂದು ನಿನಗೆ ಗೊತ್ತಿಲ್ಲ. ಇಪ್ಪತ್ತೈದರ ಧ್ವನಿಗಿಂತ ನನಗೆ ಅದೇ ಇಷ್ಟ. ಇದನ್ನು ಹೇಳಿದರೆ ಸಿಡುಕುತ್ತೀಯ ಎಂದು ಇಪ್ಪತ್ತು ವರ್ಷ ಬಾಯಿ ಮುಚ್ಚಿಕೊಂಡಿದ್ದೆ.

ಬರೆಯಲು ಧೈರ್ಯ ಬಂದದ್ದು ನಿನ್ನ ಮಗಳಿಂದ. ಹೋದ ಬುಧವಾರ ತರಕಾರಿ ಅಂಗಡಿಯಲ್ಲಿ ಸಿಕ್ಕಳು. "ಅಮ್ಮ ಈಗ ಪಾತ್ರೆ ತೊಳೆಯುವಾಗಲೂ ಗುನುಗಲ್ಲ ಚಿಕ್ಕಮ್ಮ. ರೇಡಿಯೋ ಹಾಕಿದ್ರೆ ಎದ್ದು ಹೋಗ್ತಾರೆ. ಗಂಟಲು ಸತ್ತುಹೋಯ್ತು ಬಿಡೇ ಅಂತಾರೆ" ಎಂದಳು. ನಿನ್ನ ಗಂಟಲು ಸತ್ತಿಲ್ಲ ಸಿಡುಕಿ, ಸತ್ತದ್ದು ಈ ಸೆಲ್. ಇದನ್ನು ನಿನಗೆ ಹೇಳದಿದ್ದರೆ ನನಗೆ ಅನ್ನ ಇಳಿಯುವುದಿಲ್ಲ.

ಬೀಳ್ಕೊಡುಗೆಯ ಬೆಳಿಗ್ಗೆ ವ್ಯಾನಿನಲ್ಲಿ ನೀನು ಆಡಿದ ಮಾತನ್ನು ನಾನು ಅಲ್ಲೇ ಮರೆತೆ, ಅದರ ಬಗ್ಗೆ ಬರೆಯುವುದೂ ಇಲ್ಲ.

ಹೊಸ ಸೆಲ್ ಹಾಕಿಸಿ ಆಗಿದೆ. ಎಂಟರಲ್ಲಿ ಏಳು ಬಟನ್ನಿಗೆ ಹಳೆಯದನ್ನೆಲ್ಲ ನೆನಪಿನಿಂದ ಕೂರಿಸಿದ್ದೇನೆ, ನಾಲ್ಕನೆಯದನ್ನು ಮಾತ್ರ ಮುಟ್ಟಿಲ್ಲ. ಒಂದು ಗುರುವಾರ ಬಾ. ಈ ಸಲ ಪರದೆ ನಿನ್ನ ಕಡೆಗೇ ತಿರುಗಿಸುತ್ತೇನೆ. ಗಂಟಲು ಎಲ್ಲಿ ಹಾಯಾಗಿ ನಿಲ್ಲುತ್ತದೋ ಅಲ್ಲಿ ನೀನೇ ಒತ್ತಿ ಉಳಿಸು.

ಚಳಿಯಲ್ಲಿ ಕಾಲಿಗೆ ಸಾಕ್ಸ್ ಹಾಕಿಕೊ. ಮೊಮ್ಮಗುವಿಗೆ ನನ್ನ ಮುತ್ತು, ಮಗಳಿಗೆ ಆಶೀರ್ವಾದ. ನೀನು ನೂರು ವರ್ಷ ಇದ್ದು ನನ್ನನ್ನು ಬೈಯುತ್ತಿರು.

ನಿನ್ನವಳೇ,
ಟಕಟಕ

ಮರೆತ ಮಾತು: ಲಕೋಟೆ ಅಂಟಿಸಿ ಆಗಿತ್ತು, ಮತ್ತೆ ಬಿಚ್ಚಿದೆ. ವ್ಯಾನಿನ ಮಾತನ್ನು ಮರೆತಿಲ್ಲ. ಪಕ್ಕದಲ್ಲಿದ್ದ ಹೊಸ ನರ್ಸಿಗೆ ನೀನು, "ಅವಳದ್ದೇನಿದೆ, ಬಟನ್ ಒತ್ತೋದು ತಾನೆ, ಎಲ್ಲಾ ಮೆಷೀನೇ ಬಾರಿಸುತ್ತೆ" ಎಂದು ನಕ್ಕೆ. ನಾನು ಹಿಂದಿನ ಸೀಟಿನಲ್ಲಿ ಕೀಬೋರ್ಡನ್ನು ತೊಡೆಯ ಮೇಲೆ ಹಿಡಿದುಕೊಂಡು ಕೂತಿದ್ದೆ. ಶ್ರುತಿಯ ಕಡೆ ನೋಡಲು ಹೊಳೆಯಲಿಲ್ಲ ಎಂದು ಮೇಲೆ ಬರೆದದ್ದು ಸುಳ್ಳು. ಪಿಯಾನೋ ಮೊಳಗಿದ ಕೂಡಲೇ ಕಾಗದದ ಚೂರು ಎತ್ತಿ ನೋಡಿದೆ, ಸೊನ್ನೆ ಇತ್ತು, ಇಳಿಸಿದ್ದೆಲ್ಲ ಅಳಿಸಿಹೋಗಿತ್ತು. ಎಲ್ಲಾ ಮೆಷೀನೇ ಬಾರಿಸುತ್ತದಲ್ಲ, ಬಾರಿಸಲಿ ಎಂದುಕೊಂಡೆ. ಮೊದಲ ಸಲ ಗಂಟಲು ಒಡೆದಾಗ ನೀನು ನನ್ನ ಕಡೆ ತಿರುಗಿದೆ. ಸಿಡುಕಲಿಲ್ಲ. ಏನಾದರೂ ಮಾಡೇ ಎಂದು ಕೇಳುವ ಹಾಗೆ ನೋಡಿದೆ. ಇಳಿಸುವ ಗುಂಡಿ ನನ್ನ ಎಡಗೈಯ ಹತ್ತಿರವೇ ಇತ್ತು. ನಾಲ್ಕು ಸಲ ಒತ್ತಿದ್ದರೆ ಆಗುತ್ತಿತ್ತು. ನಾನು ಒಂದು ಸಲವೂ ಒತ್ತಲಿಲ್ಲ.