ಬೂಟಿನೊಳಗಿನ ಬಾಣಂತಿ

ಅಣ್ಣಯ್ಯಾ,

ನಿನ್ನ ಗದ್ದೆ ಬೂಟೊಂದರಲ್ಲಿ ಇಲಿ ಮರಿ ಹಾಕಿದೆ ಅಂತ ಅದಕ್ಕೆ ಬಾಣಂತನ ಮಾಡ್ತಾ, ನೀನು ಬರಿಗಾಲಲ್ಲಿ ಕೆಸರಿಗಿಳಿತೀಯಲ್ಲ, ಏನು ತ್ಯಾಗಮಯಿ ಹೀರೋನಪ್ಪಾ! ಇನ್ನೊಂದು ಬೂಟು ಯಾರಿಗೆ, ಅದರ ನೆಂಟರಿಗಾ?

ಒಡೆದ ಹಿಮ್ಮಡಿ ಇಟ್ಕೊಂಡು ಇಲಿ ಉಚ್ಚೆ ಸೇರಿದ ನೀರಲ್ಲಿ ನಿಂತ್ರೆ ಇಲಿಜ್ವರ ಬರುತ್ತೆ ಅಂತ ನರ್ಸಕ್ಕ ಬಾಯಿ ಬಡ್ಕೊಂಡ್ರು. ನಿನ್ನ ಜೊತೆ ನಾಟಿ ಮಾಡೋ ಮಾವ ಆಸ್ಪತ್ರೆ ಸೇರಿದ್ದೂ ಅದಕ್ಕೇ. ಈಗ ನಿನ್ನ ಮೈ ಕೆಂಡ. ಮೀನಖಂಡ ಹಿಡ್ಕೊಂಡು ನರಳ್ತೀಯ. ಕಣ್ಣಂತೂ ಕ್ಲೈಮ್ಯಾಕ್ಸ್ ವಿಲನ್ ಥರ ಕೆಂಪಗಿದೆ. ಕೇಳಿದ್ರೆ "ಬಿಸಿಲಿಗೆ ಕಣೋ" ಅಂತೀಯ. ಈ ಡೈಲಾಗ್‌ಗೆ ಶಿಳ್ಳೆ ಬೀಳಲ್ಲ ಬಾಸ್.

ಬೂಟು ಮುಟ್ಟಬೇಡ. ಬಾಣಂತೀನ ನಾನು ವಿಚಾರಿಸ್ಕೋತೀನಿ, ಕೈಗವಸು ಹಾಕ್ಕೊಂಡು.
ಕಾಯಿಸಿದ ನೀರು ಮುಚ್ಚಿಟ್ಟಿದ್ದೀನಿ, ಕುಡಿ.

ಆಸ್ಪತ್ರೆಗೆ ಹೇಳಿ ವ್ಯಾನ್ ಕಳಿಸೋಕೆ ಹೋಗ್ತಿದ್ದೀನಿ. ಅಷ್ಟರಲ್ಲಿ ನೀನು ಗದ್ದೆಗೆ ಓಡ್ತೀಯ ಅಂತ ಗೊತ್ತು. ಅದಕ್ಕೇ ನಿನ್ನ ಪ್ಯಾಂಟೆಲ್ಲ ಹೊತ್ಕೊಂಡು ಹೊರಟಿದ್ದೀನಿ. ಹುಡುಕಬೇಡ, ಅಪ್ಪನದ್ದೂ ಇಲ್ಲ. ವ್ಯಾನ್ ಬಂದ ತಕ್ಷಣ ಕಂಬಳಿ ಸುತ್ಕೊಂಡು ಎಂಟ್ರಿ ಕೊಡು. ನಗೋರು ನಗಲಿ. ನಿಂಗೇನಾದ್ರೂ ಆದ್ರೆ ನಾನು ಯಾರನ್ನೋ ಗೋಳು ಹೊಯ್ಕೊಳ್ಳಲಿ?

ಪ್ಯಾಂಟು ಡಾಕ್ಟರ್ ಹತ್ರ ಇರುತ್ತೆ. ಟೆಸ್ಟಿಗೆ ರಕ್ತ ಕೊಡು, ಪ್ಯಾಂಟ್ ತಗೋ.