ಇಡೀ ತರಗತಿಗೆ ಒಬ್ಬನೇ ಅಬ್ಬಾ

ಶಿರಸಿ
೧೨-೯-೧೯೯೭

ಪ್ರಿಯ ನಾಗಪತಿಗೆ ರಜಾಕನ ಸಲಾಮು.

ಯಲ್ಲಾಪುರದಲ್ಲಿ ನೀವೆಲ್ಲ ಕ್ಷೇಮವೆಂದು ನಂಬಿದ್ದೇನೆ. ಚೌತಿಗೆ ಮೊದಲೇ ಬಂದ ನಿನ್ನ ಕಾಗದಕ್ಕೆ ಈಗ ಉತ್ತರಿಸುತ್ತಿದ್ದೇನೆ, ಬೈಯಬೇಡ. ಬಟ್ಟೆ ಅಂಗಡಿಯ ಗಿರಾಕಿಗಳ ನಡುವೆ ಬರೆಯಲು ಕುಳಿತಾಗಲೆಲ್ಲ ಸಿಟ್ಟಿಗೆ ಅಕ್ಷರ ಕೆಡುತ್ತಿತ್ತು.

ವಿಷಯ ನನ್ನ ಮಗಳು ಹುಮಾಳದು. ಬಿ.ಎ. ಎರಡನೇ ವರ್ಷ. ಅವಳ ಇತಿಹಾಸದ ಸರ್ ಪಾಠ ಮಾಡುವುದಿಲ್ಲ, ನೋಟ್ಸ್ ಹೇಳಿ ಬರೆಸುತ್ತಾರೆ, ಕಾಮಾ, ಫುಲ್‌ಸ್ಟಾಪ್ ಸಹಿತ. ನಮ್ಮ ಮಾಸ್ತರು, ‘ಪೆನ್ನು ಕೆಳಗಿಡ್ರೋ, ಮೊದಲು ಕೇಳಿ, ಮನೆಗೆ ಹೋಗಿ ನಿಮ್ಮ ಮಾತಲ್ಲಿ ಬರೀರಿ’ ಅನ್ನುತ್ತಿದ್ದದ್ದು ನಿನಗೆ ನೆನಪಿರಬೇಕು. ಅದನ್ನೇ ಹುಮಾಳಿಗೆ ಕಲಿಸಿದ್ದೆ. ಅದೇ ಮುಳುವಾಯಿತು.

ಬನವಾಸಿ ‘ಇಂದು ಹಾಳುಬಿದ್ದ ಪಟ್ಟಣ’ ಎಂದು ಸರ್ ಬರೆಸಿದರಂತೆ. ಇವಳು ಅದರ ಕೆಳಗೆ ತನ್ನದೇ ಸಾಲು ಸೇರಿಸಿದಳು: ‘ನಾನು ಅಬ್ಬಾನ ಜೊತೆ ಬಸ್ಸಿನಲ್ಲಿ ಹೋಗಿ ನೋಡಿದ್ದೇನೆ. ಹಾಳುಬಿದ್ದಿಲ್ಲ. ಗುಡಿಯಲ್ಲಿ ಪೂಜೆ ನಡೆದಿತ್ತು, ಗದ್ದೆಯಲ್ಲಿ ನಾಟಿ ಸಾಗಿತ್ತು.’ ಆ ನೋಟ್ಸನ್ನು ಪಕ್ಕದಲ್ಲಿ ಕೂರುವ ಗೆಳತಿಗೆ ಒಂದು ದಿನದ ಮಟ್ಟಿಗೆ ಕೊಟ್ಟಳು. ಅದು ವೆಂಕಟ್ರಮಣನ ಝೆರಾಕ್ಸ್ ಅಂಗಡಿ ಸೇರಿತು, ಅಲ್ಲಿಂದ ಇಡೀ ತರಗತಿಗೆ ಹೋಯಿತು.

ಟೆಸ್ಟಿನಲ್ಲಿ ಎಲ್ಲರೂ ಬಾಯಿಪಾಠ ಒಪ್ಪಿಸಿದರು. ಭಟ್ಟರ ಮಗ, ಹೆಗಡೆಯವರ ಮಗಳು, ಯಾರೂ ಹಿಂದೆ ಬೀಳದೆ ಅಬ್ಬಾನ ಜೊತೆ ಬಸ್ಸು ಹತ್ತಿ ಬನವಾಸಿ ನೋಡಿ ಬಂದಿದ್ದರು! ವೆಂಕಟ್ರಮಣ ಪೇಟೆಯಲ್ಲಿ ನನ್ನನ್ನು ತಡೆದು, ‘ಸಾಬ್ರೆ, ಇಷ್ಟೂ ಜನಕ್ಕೆ ಟಿಕೇಟು ನೀವೇ ತೆಗ್ಸಿದ್ರಾ ಮಾರಾಯ್ರಾ?’ ಎಂದ. ನಾನೂ ನಕ್ಕೆ.

ಸರ್ ನಗಲಿಲ್ಲ. ಆ ಪ್ರಶ್ನೆಗೆ ಎಲ್ಲರಿಗೂ ಸೊನ್ನೆ ಹಾಕಿದರು. ಹುಮಾಳಿಗೆ ಮಾತ್ರ, ನೋಟ್ಸ್ ಹಂಚಿ ತರಗತಿ ಕೆಡಿಸಿದೆನೆಂದು ಮುಚ್ಚಳಿಕೆ ಬರೆದುಕೊಡು, ಇಲ್ಲದಿದ್ದರೆ ನನ್ನ ಪಾಠಕ್ಕೆ ಬರಬೇಡ ಎಂದರು. ಕಾಲೇಜಿಗೆ ಹೋಗಿ, ‘ಅವಳು ಕೊಟ್ಟದ್ದು ಒಬ್ಬಳಿಗೆ ಸರ್’ ಎಂದೆ.

‘ಹಂಚೂದು, ಮಾರೂದು ನಿಮಗೆ ಹೊಸದಾ? ಅಂಗಡಿ ಮನೆಯವ್ರು ನೀವು.’

‘ಬನವಾಸಿ ಹಾಳುಬಿದ್ದಿದೆಯಾ ಇಲ್ವಾ, ಅದನ್ನಾದ್ರೂ ಹೇಳಿ.’

‘ಅದೆಲ್ಲ ಎಂತಕೆ? ನಾನು ಬರೆಸಿದ್ದು ಬರೆದ್ರೆ ಸಾಕು.’

ಇವರು ಇತಿಹಾಸ ಕಲಿಸುವವರು, ನಾಗಪತಿ! ಹತ್ತಿರದ ಊರಿಗೆ ಬಸ್ಸು ಹತ್ತಿ ಹೋಗಿ ನೋಡಲಾರದವರು. ಕೊನೆಗೆ ಒಂದು ಮಾತು ಕೊಟ್ಟರು: ಝೆರಾಕ್ಸ್ ಮಾಡಿಸಿದವರು ತಾವಾಗಿ ಎದ್ದು ಒಪ್ಪಿಕೊಂಡರೆ ಮುಚ್ಚಳಿಕೆ ಬೇಡ. ಮರುದಿನ ತರಗತಿಯಲ್ಲಿ ಕೇಳಿದರು. ಯಾರೂ ಏಳಲಿಲ್ಲ.

ನಿನ್ನೆ ಹುಮಾ ಸಹಿ ಹಾಕಿ ಬಂದಳು. ‘ಮುಚ್ಚಳಿಕೇನೂ ಅವರೇ ಹೇಳಿ ಬರೆಸಿದ್ರು ಅಬ್ಬಾ, ಫುಲ್‌ಸ್ಟಾಪ್ ಸಹಿತ’ ಎಂದು ಬುರ್ಖಾ ಮಡಿಸಿಟ್ಟು ಒಳಗೆ ಹೋದಳು.

ಮನೆಯವರಿಗೆ ನನ್ನ ನಮಸ್ಕಾರ ತಿಳಿಸು. ದೇವರು ನಮ್ಮ ಮಕ್ಕಳಿಗೆ ಆಯುಷ್ಯ, ವಿದ್ಯೆ, ಅದರ ಜೊತೆಗೆ ಸ್ವಲ್ಪ ಧೈರ್ಯವನ್ನೂ ಕೊಡಲಿ.

ನಿನ್ನ,
ಅಬ್ದುಲ್ ರಜಾಕ್

ತಾ.ಕ.: ಇದನ್ನು ನಿನಗೆ ಬರೆಯಬಾರದೆಂದು ಹುಮಾ ಆಣೆ ಹಾಕಿಸಿದ್ದಳು, ಮುರಿಯುತ್ತಿದ್ದೇನೆ. ಆ ಗೆಳತಿ ಇಲ್ಲಿ ಹಾಸ್ಟೆಲಿನಲ್ಲಿರುವ ನಿನ್ನ ಮಗಳು ಸಮೃದ್ಧಿ. ಸರ್ ಕೇಳಿದಾಗ ತಲೆ ತಗ್ಗಿಸಿ ಕೂತಿದ್ದಳಂತೆ. ಹುಮಾ ಅವಳ ಹೆಸರು ಹೇಳಬಹುದಿತ್ತು, ಹೇಳಲಿಲ್ಲ. ಈಗ ಹುಮಾಳೇ ಬೆಂಚು ಬದಲಿಸಿದ್ದಾಳೆ. ಯಾಕಮ್ಮಾ ಎಂದರೆ, ‘ನನ್ನ ಮುಖ ನೋಡೋದು ಅವಳಿಗೆ ಕಷ್ಟ ಆಗ್ತದೆ ಅಬ್ಬಾ’ ಎನ್ನುತ್ತಾಳೆ.