ಕೆಳಗಿಟ್ಟು ಕೊಡುವ ಕತ್ತಿ

ಎವರೆಟ್
೨೩ ಅಕ್ಟೋಬರ್ ೨೦೧೬

ಗೆಳೆಯ ಚಕ್ರಪಾಣಿಗೆ ಸಂಗನಬಸಪ್ಪನ ಶರಣು.

ಇಲ್ಲಿಂದಲೇ ಬನ್ನಿ ಕೊಡುತ್ತಿದ್ದೇನೆ, ಬಂಗಾರದಂತೆ ಇರೋಣ. ಹಬ್ಬ ಮುಗಿದು ಹತ್ತು ದಿನ ಕಳೆದ ಮೇಲೆ ಬನ್ನಿ ಕೊಡುತ್ತಾನಲ್ಲ ಎಂದು ಬೈಯಬೇಡ. ನಿನ್ನ ಎರಡು ಪತ್ರಗಳಿಗೂ ಉತ್ತರ ಬರೆದಿಲ್ಲ, ಅದಕ್ಕೂ ಸೇರಿಸಿ ಒಮ್ಮೆಲೇ ಬೈದುಬಿಡು. ಅಕ್ಷರ ನೋಡಿದೊಡನೆ ಇದು ನನ್ನ ಕೈಬರಹವಲ್ಲ ಎಂದು ಗೊತ್ತಾಗಿರಬೇಕು. ನಾನು ಹೇಳುತ್ತಿದ್ದೇನೆ, ನನ್ನ ಮನೆಯಾಕೆ ಬಸವಣ್ಣೆವ್ವ ಬರೆಯುತ್ತಿದ್ದಾಳೆ. ನನ್ನ ಬಲಗೈ ನಾಲ್ಕೈದು ವರ್ಷದಿಂದ ಸೋಲುತ್ತ ಬಂದು ಈಗ ಪೆನ್ನು ಹಿಡಿಯಲೂ ಒಲ್ಲೆ ಅನ್ನುತ್ತಿದೆ. ನರದ ಕಾಯಿಲೆ ಅಂತೆ, ಎಡಗೈಗೂ ಸಣ್ಣಗೆ ಹತ್ತಿಕೊಂಡಿದೆ. ಅದರ ಹೆಸರು ನನ್ನ ಬಾಯಲ್ಲಿ ಹೊರಳುವುದಿಲ್ಲ. ನೀನು ಡಾಕ್ಟರು, ಫೋನ್ ಮಾಡಿ ಇವಳನ್ನೇ ಕೇಳಿಕೋ.

ಸಿಹಿ ಸುದ್ದಿ ಮೊದಲೇ ಹೇಳಬೇಕಿತ್ತು. ಮಗಳು ನಿಕಿತಾಳಿಗೆ ಹೆಣ್ಣುಮಗು ಆಗಿದೆ, ಬಾಣಂತನಕ್ಕೆ ನಮ್ಮಲ್ಲೇ ಇದ್ದಾಳೆ. ಮೂಗು ನನ್ನದೇ ಎಂದು ನಾನು, ದೇವರು ದೊಡ್ಡವನು ಹಾಗಾಗಿಲ್ಲ ಎಂದು ಇವಳು. ಹುಟ್ಟಿದಾಗ ಮೂರು ಕಿಲೋದ ಮೇಲೆ ಸ್ವಲ್ಪ ಇದ್ದಳಂತೆ. ಅದು ಆಸ್ಪತ್ರೆಯವರ ಲೆಕ್ಕ, ನಾನು ತೂಗಿದ್ದಲ್ಲ. ಕಾಲೇಜಿನಲ್ಲಿ ಬೆಲ್ಲದ ಅಚ್ಚು ಕೈಯಲ್ಲಿ ಹಿಡಿದು ನಾನು ತೂಕ ಹೇಳುತ್ತಿದ್ದೆ, ನೀನು ಅಂಗಡಿಯ ತಕ್ಕಡಿಗೆ ಹಾಕಿ ಸೋಲುತ್ತಿದ್ದೆ, ನೆನಪಿದೆಯೇ?

ಇನ್ನು ಖುಕುರಿಯ ವಿಷಯ. ಇಲ್ಲೇ ಹತ್ತಿರದ ಬೆಲ್ವ್ಯೂದಲ್ಲಿರುವ ಮಹೇಶ, ನಮ್ಮ ಬಾಗಲಕೋಟೆಯ ಕಡೆಯವನು, ಊರಿಗೆ ಬರುತ್ತಿದ್ದಾನೆ. ಈ ಪತ್ರವನ್ನೂ ಒಂದು ಉದ್ದನೆಯ ಪೊಟ್ಟಣವನ್ನೂ ಅವನೇ ತಲುಪಿಸುತ್ತಾನೆ. ನಿನ್ನ ಸ್ವಭಾವಕ್ಕೆ ನೀನು ಪೊಟ್ಟಣ ಬಿಚ್ಚಿಯೇ ಪತ್ರ ಓದುತ್ತಿರುತ್ತೀ. ಹೌದು, ಅದು ನಿನ್ನದೇ ಖುಕುರಿ, ಆ ಬಾಗಿದ ಕತ್ತಿ. ಗೋರ್ಖಾ ಪಲ್ಟನ್ನಿನ ಡಾಕ್ಟರಾಗಿದ್ದ ನೀನು, ನಾನು ಈ ಪರದೇಶಕ್ಕೆ ಹೊರಟಾಗ ಧಾರವಾಡದ ನಿನ್ನ ಮನೆಯಲ್ಲಿ ಕೊಟ್ಟದ್ದು. ನಾನು ಕೈ ಚಾಚಿದೆ, ನೀನು ಕೈಯ ಮೇಲೆ ಹೊಡೆದೆ. “ಕತ್ತಿ ಕೈಗೆ ಕೊಡಬಾರದೋ, ಜಗಳ ಆಗ್ತದ. ಕೆಳಗ ಇಡ್ತೀನಿ, ನೀನ ತಗೋ” ಎಂದು ಬೆಂಚಿನ ಮೇಲೆ ಇಟ್ಟೆ. ಆಮೇಲೆ, “ಗ್ವಾಡಿಗೆ ತೂಗುಹಾಕಿ ಶೋಕಿ ಮಾಡಬ್ಯಾಡ. ಎತ್ತಲಿಕ್ಕೆ ಆಗದ ದಿನ ನನಗ ವಾಪಸ್ ಕಳಸು” ಎಂದೆ. ಅಂಥ ದಿನ ಬಂದಾಗ ನೋಡೋಣ ಎಂದು ನಾನು ನಕ್ಕಿದ್ದೆ.

ಆ ಒಂದು ಖುಕುರಿ ನನಗೆ ಹುಚ್ಚು ಹಿಡಿಸಿತು. ವಿಮಾನದ ಕಾರ್ಖಾನೆಯಲ್ಲಿ ನನ್ನ ಕೆಲಸವೇ ತೂಕದ ಲೆಕ್ಕ. ಒಂದು ಬಿಡಿಭಾಗದಲ್ಲಿ ಹತ್ತು ಗ್ರಾಂ ಉಳಿಸಿದರೆ ಹಬ್ಬ ಮಾಡುವ ಜನ ನಾವು. ಹೀಗಾಗಿ ಖುಕುರಿಯಲ್ಲೂ ಹಗುರವಾದದ್ದನ್ನೇ ಹುಡುಕತೊಡಗಿದೆ. ಪ್ರವಾಸಿಗರಿಗೆ ಮಾರುವ ದಪ್ಪನೆಯದು ಕಟ್ಟಿಗೆ ಸೀಳಲು ಸರಿ. ಕಾದಾಡುವವನಿಗೆ ಬೇಕಾದದ್ದು ಸಿರುಪಾತೆ. ಹುಲ್ಲಿನ ಎಸಳಿನ ಹೆಸರಂತೆ ಅದು, ಅಲಗು ಹಾಗೇ ಕಿರಿದು. ಹೊಡೆಯುವುದೇನು, ಯಾರಿಗಾದರೂ ಬರುತ್ತದೆ. ಬೀಸಿದ ಕೈಯನ್ನು ಮತ್ತೆ ಹಿಂದಕ್ಕೆ ತರಬೇಕಲ್ಲ, ಹಗುರ ಬೇಕಾಗುವುದು ಅಲ್ಲಿ. ಅಲಗಿನ ಬೆನ್ನು ಹಿಡಿಯ ಹತ್ತಿರ ದಪ್ಪಗಿದ್ದು ತುದಿಗೆ ಹೋಗುತ್ತ ತೆಳ್ಳಗಾಗಿರಬೇಕು. ಬರೀ ತಕ್ಕಡಿಯನ್ನು ನಂಬಬಾರದು. ಮೂತಿ ಭಾರವಾದರೆ ಹಗುರವಾದದ್ದೂ ಕೈಯನ್ನು ಜಗ್ಗುತ್ತದೆ.

ಸ್ನೋಹೋಮಿಶ್‌ನಲ್ಲಿ ಹಳೆಯ ಸಾಮಾನಿನ ಅಂಗಡಿಗಳ ಒಂದು ಬೀದಿಯೇ ಇದೆ. ಶನಿವಾರ ಅಲ್ಲಿಗೆ ಹೋಗಿ ಬರುವುದು ನನ್ನ ವ್ರತ. ಹೀಗೆ ನಾಲ್ಕು ಕೂಡಿಸಿದೆ, ಪ್ರತಿಯೊಂದೂ ಹಿಂದಿನದಕ್ಕಿಂತ ಹಗುರ. “ಅಣ್ಣಾರ, ಮುಂದಿನ ವರ್ಷ ಕಾಗದದ ಕತ್ತಿ ತರ್ತಾರ ನೋಡ್ರಿ.” ಈ ಸಾಲು ನಾನು ಹೇಳಿದ್ದಲ್ಲ, ಬರೆಯುವವಳು ತಾನೇ ತುರುಕಿದ್ದು.

ಕೊನೆಯದನ್ನು ಆರಿಸಿದ್ದು ಅವಳೇ. ಅಂಗಡಿಯಲ್ಲಿ ನನ್ನ ಕೈ ಸೋತದ್ದನ್ನು ಕಂಡು ತಾನೇ ಒಂದೊಂದಾಗಿ ಹಿಡಿದು ನೋಡಿದಳು. “ಇದು ಮುಂದ ಜಗ್ಗತೈತ್ರಿ. ಇದು ಬ್ಯಾಡ. ಹಾಂ, ಇದು ಮಾತು ಕೇಳತೈತಿ” ಎಂದಳು. ಕಾಲು ಕಿಲೋಗಿಂತ ಚೂರು ಹೆಚ್ಚು ಇದ್ದೀತು. ಅದನ್ನೇ ತಂದೆವು. ಬಂದವರಿಗೆಲ್ಲ ನಾನು ಹಗುರವೇ ಶ್ರೇಷ್ಠ ಎಂದು ಭಾಷಣ ಬಿಗಿದೆ.

ಈಗ ಬಸವಣ್ಣೆವ್ವ ಪೆನ್ನು ಕೆಳಗಿಟ್ಟು ಕೂತಿದ್ದಾಳೆ. “ಖರೇ ಬರಸ್ರಿ, ಇಲ್ಲಾಂದ್ರ ನಾ ಬರಿಯಂಗಿಲ್ಲ” ಅನ್ನುತ್ತಾಳೆ. ಆಯಿತು ಮಾರಾಯತಿ, ಬರೆ. ಕೊಂಡದ್ದರಲ್ಲಿ ಮೊದಲನೆಯದನ್ನಷ್ಟೇ ನಾನು ಶಾಸ್ತ್ರ ನೋಡಿ ಆರಿಸಿದ್ದು. ಉಳಿದವನ್ನು ಕೈ ಆರಿಸಿತು. ಎತ್ತಲು ಆಗುವುದು ಯಾವುದೋ ಅದು ಒಳ್ಳೆಯ ಖುಕುರಿ, ಅಷ್ಟೇ. ಹಗುರವಾದದ್ದನ್ನು ಹಿಡಿದಾಗಲೆಲ್ಲ ಇನ್ನೂ ನನ್ನ ಕೈಗೆ ಕಸುವಿದೆ ಅನ್ನಿಸುತ್ತಿತ್ತು. ಆ ಸುಳ್ಳು ನನಗೆ ಬೇಕಾಗಿತ್ತು.

ಖಂಡೇಪೂಜೆಯ ದಿನ ಐದನ್ನೂ ಮಣೆಯ ಮೇಲೆ ಇಟ್ಟೆವು. ರೂಢಿಯಂತೆ ಮೊದಲು ನಿನ್ನದನ್ನು ಒರೆಯಿಂದ ತೆಗೆಯಬೇಕು. ಮುಕ್ಕಾಲು ಕಿಲೋ ತೂಕದ್ದು. ಬಲಗೈಯಿಂದ ಆಗಲಿಲ್ಲ, ಎಡಗೈ ಹಚ್ಚಿದರೂ ಆಗಲಿಲ್ಲ. ಬಸವಣ್ಣೆವ್ವ ಒರೆಯನ್ನು ಮಂಡಿಯ ನಡುವೆ ಹಿಡಿದು ಎಳೆದಳು, ಕುಂಕುಮವಿಟ್ಟಳು. ನಿಕಿತಾ ಮಗುವನ್ನು ಎತ್ತಿಕೊಂಡು ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. “ಇಟ್ಸ್ ಓಕೆ, ಅಪ್ಪಾ” ಎಂದಳು. ಅವಳಿಗೆ ಕನ್ನಡವೆಲ್ಲ ತಿಳಿಯುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ.

ಅಂದೇ ನಿರ್ಧರಿಸಿದೆ. ನೀನು ಹೇಳಿದ ದಿನ ಬಂದಿದೆ, ಕೊಟ್ಟ ಮಾತು ನಡೆಸುತ್ತಿದ್ದೇನೆ. ಗೆಳೆತನ ಹಿಂದಿರುಗಿಸುತ್ತಿದ್ದಾನೆ ಎಂದು ತಿಳಿಯಬೇಡ, ಅದು ನನ್ನಲ್ಲೇ ಇರುತ್ತದೆ. ಮಹೇಶನಿಗೂ ಹೇಳಿದ್ದೇನೆ: “ಡಾಕ್ಟರ ಕೈಗೆ ಕೊಡಬ್ಯಾಡಪಾ, ಮುಂದ ಇಡು, ಅವರ ತಗೋತಾರ.” ತಗೊಂಡು ಒಮ್ಮೆ ಎತ್ತಿ ನೋಡು. ನಿನಗೂ ಆಗದಿದ್ದರೆ ಫೋನ್ ಮಾಡು, ಇಬ್ಬರೂ ಸೇರಿ ವಯಸ್ಸನ್ನು ಬೈಯೋಣ.

ತಂಗಿಗೆ ನಮ್ಮಿಬ್ಬರ ಶರಣು. ನಿನ್ನ ಮಕ್ಕಳು ಮೊಮ್ಮಕ್ಕಳಿಗೆ ಬಸವಣ್ಣ ಒಳ್ಳೆಯದು ಮಾಡಲಿ. ನಿನ್ನ ಮಂಡಿನೋವು ಕಡಿಮೆಯಾಗಲಿ, ನಾಲಿಗೆ ಹೀಗೇ ಹರಿತವಾಗಿರಲಿ.

ಇಂತಿ ನಿನ್ನ
ಸಂಗನಬಸಪ್ಪ

ತಾ.ಕ. ಇದು ಎಡಗೈಯಲ್ಲಿ ಬರೆದದ್ದು, ಕೋಳಿಕಾಲಿನ ಅಕ್ಷರ, ಕ್ಷಮಿಸು. ಬಸವಣ್ಣೆವ್ವ ಕೂಸಿಗೆ ನೀರು ಹಾಕಲು ಒಳಗೆ ಹೋಗಿದ್ದಾಳೆ. ಅವಳಿಂದ ಬರೆಸಿದರೆ ಮಗಳ ಮೇಲೆ ಸಿಟ್ಟಾಗುತ್ತಾಳೆ. ಮಗಳದು ತಪ್ಪಿಲ್ಲ. ಮೊನ್ನೆ ಮಹೇಶ ಬಂದಿದ್ದ, ಅವನ ಕೈಗೂ ನಿಕಿತಾ ಮಗುವನ್ನು ಕೊಟ್ಟಳು. ನನ್ನ ಹತ್ತಿರ ಬಂದಾಗ ಮಾತ್ರ ಸೋಫಾದ ಮೇಲೆ ಕೌದಿ ಹಾಸಿ, ನನ್ನ ಪಕ್ಕದಲ್ಲಿ ಮಲಗಿಸಿ, ಅಲ್ಲೇ ನಿಲ್ಲುತ್ತಾಳೆ. ಕತ್ತಿಯ ನಿನ್ನ ನಿಯಮ ಅವಳಿಗೆ ಗೊತ್ತಿಲ್ಲ, ಆದರೂ ಹಾಗೇ ಮಾಡುತ್ತಾಳೆ. ಕೆಳಗಿಡುತ್ತಾಳೆ. ತಗೋ ಎಂದು ಮಾತ್ರ ಹೇಳುವುದಿಲ್ಲ. ನಾನು ಒಂದು ಬೆರಳಿನಿಂದ ಕೂಸಿನ ಪಾದ ಸವರುತ್ತೇನೆ. ಚಕ್ರಪಾಣಿ, ಅವಳ ತೂಕ ಎಷ್ಟೆಂದು ನನ್ನ ಕೈಗೆ ಇನ್ನೂ ಗೊತ್ತಿಲ್ಲ.